ಕಡಲತೀರದ ಸ್ವಯಂಸೇವಾ ವೀಕ್ಷಣೆ: ಅಬ್ಬರದ ತಿಂಗಳುಗಳಲ್ಲಿ ನಿಲ್ಲಿಸಿದರೆ ನಷ್ಟವೇನು?

ತೀರಪಾಲಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನದೀಮುಖದಿಂದ ಕಲ್ಲುಬಂಡೆಗಳವರೆಗಿನ ಸುಮಾರು ಒಂದು ಕಿಲೋಮೀಟರ್ ಉದ್ದದ ಕಡಲತೀರವನ್ನು ನಮ್ಮ ಸಣ್ಣ ಗುಂಪು ತಿಂಗಳಿಗೊಮ್ಮೆ ನಡೆದು ನೋಡಿ ದಾಖಲಿಸುತ್ತಿದೆ. ಮರಳಿನ ಇಳಿಜಾರು, ದಡಕ್ಕೆ ಬಂದು ಬಿದ್ದ ಕಸ, ಸತ್ತ ಹಕ್ಕಿಗಳು ಮತ್ತು ಇತರ ಪ್ರಾಣಿಗಳು, ನಿಗದಿತ ಜಾಗದಿಂದ ತೆಗೆದ ಒಂದು ಛಾಯಾಚಿತ್ರ, ಇಷ್ಟು ನಮ್ಮ ನಮೂನೆಯಲ್ಲಿವೆ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಬರುವವರಿಗೆ ಕೊರತೆಯಿಲ್ಲ. ಗಾಳಿಮಳೆ ಶುರುವಾಯಿತೆಂದರೆ ಗುಂಪು ಕರಗುತ್ತದೆ, ಕೋಷ್ಟಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ.

ಈಗ ಗುಂಪಿನಲ್ಲಿ ಎರಡು ವಾದಗಳು ಎದ್ದಿವೆ. ಅಬ್ಬರದ ಕಾಲದಲ್ಲಿ ಅಲೆ ಎಲ್ಲವನ್ನೂ ಅಳಿಸಿಬಿಡುವುದರಿಂದ ನೋಡುವುದಕ್ಕೆ ಏನೂ ಉಳಿಯುವುದಿಲ್ಲ, ಆದ್ದರಿಂದ ಆ ತಿಂಗಳುಗಳನ್ನು ಅಧಿಕೃತವಾಗಿಯೇ ಕೈಬಿಡೋಣ ಎಂಬುದು ಒಂದು. ಕಸವನ್ನು ಎಣಿಸಿ ಬರೆದುಕೊಂಡು ಹೋಗುವ ಹೊತ್ತಿನಲ್ಲಿ ಅದನ್ನು ಹೆಕ್ಕಿದರೆ ಕಡಲಿಗಾದರೂ ಉಪಕಾರವಾಗುತ್ತದೆ ಎಂಬುದು ಇನ್ನೊಂದು. ಇಂತಹ ಕೆಲಸದಲ್ಲಿ ಅನುಭವವಿರುವವರು ಏನೆನ್ನುತ್ತೀರಿ? ಪ್ರತಿ ವರ್ಷವೂ ಕೆಲವು ತಿಂಗಳು ತಪ್ಪಿಹೋಗುವ ದಾಖಲೆಗೆ ಬೆಲೆ ಇದೆಯೇ?

ಉಪ್ಪುಗಾಳಿ

ಮೊದಲನೆಯ ವಾದವನ್ನು ನಾನು ಸಂಪೂರ್ಣವಾಗಿ ಅಲ್ಲಗಳೆಯುತ್ತೇನೆ. ಕಡಲತೀರದ ವರ್ಷದ ಕಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವುದು ನೀವು ಬಿಡಬೇಕೆಂದಿರುವ ತಿಂಗಳುಗಳಲ್ಲಿಯೇ.

ಮರಳುಗೆರೆ

ಉಪ್ಪುಗಾಳಿಯವರ ಮಾತಿಗೆ ಕಾರಣ ಸೇರಿಸುತ್ತೇನೆ. ಅಬ್ಬರದ ಕಾಲದ ಕಡಿದಾದ ಎತ್ತರದ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಪೇರಿಸುತ್ತವೆ. ಆ ದಿಬ್ಬವೇ ಮುಂದಿನ ಅಲೆಗಳನ್ನು ದಡಕ್ಕೆ ಬರುವ ಮೊದಲೇ ಒಡೆದು ಅವುಗಳ ಬಲ ಕುಂದಿಸುತ್ತದೆ. ಕಡಲು ಶಾಂತವಾದ ಮೇಲೆ ನಿಡಿದಾದ ಮೆಲ್ಲಲೆಗಳು ಅದೇ ಮರಳನ್ನು ನಿಧಾನವಾಗಿ ಮರಳಿ ತಂದು ದಡವನ್ನು ಅಗಲಗೊಳಿಸುತ್ತವೆ. ಚಳಿ ದೇಶಗಳಲ್ಲಿ ಈ ಸವೆತ ಬಹುಮಟ್ಟಿಗೆ ಚಳಿಗಾಲದಲ್ಲಿ, ಮುಂಗಾರಿನ ತೀರಗಳಲ್ಲಿ ಮಳೆಗಾಲದಲ್ಲಿ ನಡೆಯುತ್ತದೆ.

ಈಗ ಯೋಚಿಸಿ. ಶಾಂತ ತಿಂಗಳುಗಳನ್ನು ಮಾತ್ರ ಅಳೆದ ಗುಂಪಿಗೆ ಕಾಣುವುದು ಮರಳು ತುಂಬುತ್ತಿರುವ ದಡ. ಯಾವುದೋ ಒಂದು ವರ್ಷ ಅಬ್ಬರ ಮುಗಿದ ಕೂಡಲೇ ಅಳೆಯಲು ಹೋದವರಿಗೆ ಕಾಣುವುದು ಕೊಚ್ಚಿಹೋದ ದಡ, ಅವರು ಕಡಲ್ಕೊರೆತ ಎಂದು ಗಾಬರಿಯಾಗುತ್ತಾರೆ. ಎರಡೂ ಅರ್ಧ ಸತ್ಯ. ಹೋದ ಮರಳು ಹಿಂದಿರುಗಿತೇ, ಹಿಂದಿರುಗಿದ್ದರೆ ಎಷ್ಟು, ಎಷ್ಟು ತಿಂಗಳಲ್ಲಿ ಎಂಬುದು ಮಾತ್ರ ಕೊರೆತವನ್ನೂ ಋತುಮಾನದ ಏರಿಳಿತವನ್ನೂ ಬೇರ್ಪಡಿಸುವ ಸಂಗತಿ, ಮತ್ತು ಅದು ಎರಡೂ ಕಾಲವನ್ನು ಅಳೆದವರಿಗಷ್ಟೇ ತಿಳಿಯುತ್ತದೆ.

ಹೊಸಹೆಜ್ಜೆ

ನಾನು ಇಂತಹ ಗುಂಪಿಗೆ ಈಗಷ್ಟೇ ಸೇರಿದವಳು. ಇಳಿಜಾರನ್ನು ಅಳೆಯಲು ದುಬಾರಿ ಉಪಕರಣ ಬೇಕಲ್ಲವೇ? ನಮ್ಮಲ್ಲಿ ಅಳತೆಪಟ್ಟಿ ಬಿಟ್ಟರೆ ಬೇರೇನೂ ಇಲ್ಲ.

ಮರಳುಗೆರೆ

ಬೇಕಾಗಿಲ್ಲ. ಸಮಾನ ಎತ್ತರದ, ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳು ಸಾಕು. 1961ರಲ್ಲಿ ಕೆ. ಓ. ಎಮೆರಿ ಎಂಬ ಸಾಗರವಿಜ್ಞಾನಿ ಪ್ರಕಟಿಸಿದ ಈ ಸರಳ ವಿಧಾನ ಇಂದಿಗೂ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ದಡದ ಮೇಲ್ಭಾಗದಲ್ಲಿ ಕದಲದ ಒಂದು ಗುರುತಿನಿಂದ ಆರಂಭಿಸಿ, ಒಬ್ಬರು ಮೇಲಿನ ಕೋಲನ್ನೂ ಇನ್ನೊಬ್ಬರು ಕಡಲ ಬದಿಯ ಕೋಲನ್ನೂ ನೆಟ್ಟಗೆ ಹಿಡಿಯಬೇಕು. ಮೇಲಿರುವವರು ಕಡಲ ಬದಿಯ ಕೋಲಿನ ತುದಿಯನ್ನು ದಿಗಂತದ ಗೆರೆಯೊಡನೆ ಹೊಂದಿಸಿ ನೋಡಿ, ಆ ನೋಟ ತಮ್ಮ ಕೋಲನ್ನು ಹಾಯುವ ಜಾಗದ ಗುರುತನ್ನು ಓದಬೇಕು. ಕೋಲಿನ ತುದಿಯಿಂದ ಆ ಗುರುತಿನವರೆಗಿನ ಅಂತರವೇ ಆ ಹೆಜ್ಜೆಯಲ್ಲಿ ನೆಲ ಇಳಿದ ಪ್ರಮಾಣ. ನೆಲ ಏರುತ್ತಿದ್ದರೆ ಓದುವ ಕೋಲು ಬದಲಾಗುತ್ತದೆ, ಅಷ್ಟೇ. ಹೀಗೆ ನೀರಿನ ಅಂಚಿನವರೆಗೂ ಹೆಜ್ಜೆ ಹೆಜ್ಜೆಯಾಗಿ ಇಳಿದು ಬಂದರೆ ದಡದ ಅಡ್ಡಸೀಳು ಚಿತ್ರ ನಿಮ್ಮ ಕೈಯಲ್ಲಿರುತ್ತದೆ.

ಮಂಜು ಕವಿದು ದಿಗಂತ ಕಾಣದ ದಿನ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆಗ ಗಾರೆ ಕೆಲಸದವರು ಬಳಸುವ ಮಟ್ಟಗೋಲನ್ನು ಜೊತೆಗಿಟ್ಟುಕೊಳ್ಳಬೇಕು.

ಅಂಕಿಅಂಶ

ಇಂತಹ ಕೋಲಿನ ಅಳತೆ ಹವ್ಯಾಸಿಗಳ ಆಟ ಎಂದು ಯಾರಾದರೂ ಹೇಳುವ ಮೊದಲೇ ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯದ ಸಿಡ್ನಿಯ ಉತ್ತರದಲ್ಲಿರುವ ನ್ಯಾರಬೀನ್–ಕಾಲರಾಯ್ ತೀರವನ್ನು 1976ರಿಂದ ತಿಂಗಳಿಗೊಮ್ಮೆ ಅಳೆಯುತ್ತ ಬಂದಿದ್ದಾರೆ, ಮತ್ತು ಆರಂಭದ ದಶಕಗಳ ಅಳತೆ ನಡೆದದ್ದು ಇದೇ ಎಮೆರಿ ಕೋಲುಗಳಿಂದ. ತೀರದ ಒಂದು ತುದಿ ಬೆಳೆಯುವಾಗ ಇನ್ನೊಂದು ತುದಿ ಸವೆಯುತ್ತದೆ, ಈ ತಿರುಗುವಿಕೆಗೆ ಎಲ್ ನಿನೊ, ಲಾ ನಿನಾ ವರ್ಷಗಳ ಅಲೆಗಳ ದಿಕ್ಕಿನೊಡನೆ ನಂಟಿದೆ ಎಂಬುದು ಗೊತ್ತಾದದ್ದು ದಾಖಲೆ ಅಷ್ಟು ವರ್ಷ ಬೆಳೆದ ಮೇಲೆಯೇ. 2016ರ ಜೂನ್‌ನಲ್ಲಿ ದೊಡ್ಡ ಬಿರುಗಾಳಿಯೊಂದು ಅಲ್ಲಿನ ಕೆಲವು ಮನೆಗಳ ಅಂಗಳವನ್ನೇ ಕಿತ್ತುಕೊಂಡು ಹೋದಾಗ, ಹೋದ ಮರಳನ್ನು ಹೋಲಿಸಿ ನೋಡುವುದಕ್ಕೆ ನಲವತ್ತು ವರ್ಷಗಳ ಹಿನ್ನೆಲೆ ಸಿದ್ಧವಾಗಿತ್ತು. ಜಗತ್ತಿನಲ್ಲಿ ಇಷ್ಟು ದೀರ್ಘ ದಾಖಲೆಯಿರುವ ತೀರಗಳು ಬೆರಳೆಣಿಕೆಯಷ್ಟು.

ಕಾಲುದಾರಿ

ಎಲ್ಲರೂ ಮರಳಿನ ಬಗ್ಗೆಯೇ ಬರೆಯುತ್ತಿದ್ದೀರಿ, ಮನುಷ್ಯರ ಬಗ್ಗೆ ಯಾರೂ ಬರೆಯುತ್ತಿಲ್ಲ. ಅಬ್ಬರದ ಕಡಲಿನ ಪಕ್ಕದಲ್ಲಿ ಸ್ವಯಂಸೇವಕರನ್ನು ನಡೆಸುವುದು ಜವಾಬ್ದಾರಿಯ ಕೆಲಸವೇ? ಕೋಷ್ಟಕದ ಒಂದು ಮನೆ ಖಾಲಿ ಉಳಿದರೆ ಯಾರ ಪ್ರಾಣವೂ ಹೋಗುವುದಿಲ್ಲ.

ಉಪ್ಪುಗಾಳಿ

ಬಿರುಗಾಳಿಯ ನಡುವೆಯೇ ನಡೆಯಿರಿ ಎಂದು ಯಾರೂ ಹೇಳಿಲ್ಲ. ತಿಂಗಳಲ್ಲಿ ಯಾವುದಾದರೂ ಒಂದು ಇಳಿತದ ಹೊತ್ತಿನಲ್ಲಿ ಗಾಳಿ ಬಿಡುವು ಕೊಟ್ಟೇ ಕೊಡುತ್ತದೆ.

ಕಾಲುದಾರಿ

ಬಿಡುವು ಕೊಟ್ಟಿತೆಂದು ಭಾವಿಸಿ ಹೋದವರನ್ನೇ ಅಲೆ ಎಳೆದೊಯ್ದ ಪ್ರಸಂಗಗಳು ಕಡಲ ಪಕ್ಕದಲ್ಲಿ ಬದುಕಿದ ಎಲ್ಲರಿಗೂ ಗೊತ್ತಿವೆ. ಇಳಿತದ ವೇಳಾಪಟ್ಟಿ ಹೇಳುವುದು ಚಂದ್ರ ಸೂರ್ಯರ ಲೆಕ್ಕವನ್ನು ಮಾತ್ರ. ದಡದ ಕಡೆಗೆ ಬೀಸುವ ಗಾಳಿ ಮತ್ತು ವಾಯುಭಾರ ಕುಸಿತ ನೀರನ್ನು ಆ ಲೆಕ್ಕಕ್ಕಿಂತ ಮೇಲೆ ಏರಿಸುತ್ತವೆ. ಆದ್ದರಿಂದ ನಿಯಮ ಮಾಡುವುದಾದರೆ ಕಟ್ಟುನಿಟ್ಟಾಗಿ ಮಾಡಿ: ಒಬ್ಬರೇ ಹೋಗಬಾರದು, ಇಳಿತಕ್ಕೆ ಮುಂಚೆ ಹೊರಟು ನೀರು ಏರತೊಡಗುವುದಕ್ಕೆ ಮೊದಲು ಮುಗಿಸಬೇಕು, ಎಚ್ಚರಿಕೆ ಜಾರಿಯಲ್ಲಿದ್ದರೆ ಹೋಗಲೇಬಾರದು, ಬಂಡೆಗಳ ತುದಿಗೆ ಯಾವ ಕಾರಣಕ್ಕೂ ಕಾಲಿಡಬಾರದು.

ತೀರಪಾಲಕ

ಈ ನಿಯಮಗಳನ್ನು ನಮ್ಮ ನಮೂನೆಯ ಮೊದಲ ಪುಟಕ್ಕೇ ಸೇರಿಸುತ್ತೇನೆ, ಕಾಲುದಾರಿಯವರೇ. ಆದರೆ ಹೋಗಲಾಗದ ತಿಂಗಳ ಮನೆಯಲ್ಲಿ ಏನು ಬರೆಯಬೇಕು? ಈಗ ನಮ್ಮಲ್ಲಿ ಕೆಲವರು ಸೊನ್ನೆ ಹಾಕುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ.

ಅಂಕಿಅಂಶ

ಇಡೀ ಚರ್ಚೆಯಲ್ಲಿ ನನ್ನ ದೃಷ್ಟಿಗೆ ಅತಿ ಮುಖ್ಯವಾದ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯಲು ಅವಕಾಶ ಕೊಡಿ.

ಸೊನ್ನೆ ಎಂದರೆ "ನಾವು ಇಡೀ ತೀರವನ್ನು ನಡೆದು ಹುಡುಕಿದೆವು, ಏನೂ ಸಿಗಲಿಲ್ಲ" ಎಂಬ ಹೇಳಿಕೆ. ಖಾಲಿ ಮನೆ ಎಂದರೆ "ನಾವು ಹೋಗಲಿಲ್ಲ, ಆದ್ದರಿಂದ ನಮಗೆ ಗೊತ್ತಿಲ್ಲ" ಎಂಬ ಹೇಳಿಕೆ. ಇವೆರಡನ್ನು ಕಲಸಿದ ದಿನವೇ ನಿಮ್ಮ ದಾಖಲೆ ಕೆಡುತ್ತದೆ, ಏಕೆಂದರೆ ಐದು ವರ್ಷಗಳ ನಂತರ ಅದನ್ನು ಓದುವವರಿಗೆ ಯಾವ ಸೊನ್ನೆ ನಿಜವಾದದ್ದು ಎಂದು ತಿಳಿಯುವ ಯಾವ ದಾರಿಯೂ ಉಳಿದಿರುವುದಿಲ್ಲ. ಖಾಲಿ ಮನೆಯಲ್ಲಿಯೂ ಕಾರಣ ಬರೆಯಿರಿ: ಎಚ್ಚರಿಕೆ ಇತ್ತು, ಜನ ಸಿಗಲಿಲ್ಲ, ನದೀಮುಖ ದಾಟಲಾಗಲಿಲ್ಲ. ಅರ್ಧ ದೂರ ಮಾತ್ರ ನಡೆದಿದ್ದರೆ ಅರ್ಧ ಎಂದೇ ಬರೆಯಿರಿ. ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ದೂರ ಎಂಬ ಮೂರು ಅಂಕಿಗಳಿಲ್ಲದ ಎಣಿಕೆಗೆ ನಾನು ಬೆಲೆ ಕೊಡುವುದಿಲ್ಲ. ಹತ್ತು ಜನ ಹುಡುಕಿದ ದಿನ ಸಿಕ್ಕ ಹತ್ತು ಬಾಟಲಿಗೂ ಇಬ್ಬರು ಹುಡುಕಿದ ದಿನ ಸಿಕ್ಕ ಹತ್ತು ಬಾಟಲಿಗೂ ಒಂದೇ ಅರ್ಥವಿಲ್ಲ.

ಏನೂ ಸಿಗದ ದಿನ ಬೇಸರವಾಗುತ್ತದೆಂಬುದು ನಿಜ. ಆದರೆ ಅಸಾಮಾನ್ಯವಾದದ್ದನ್ನು ಅಸಾಮಾನ್ಯವೆಂದು ಸಾಬೀತು ಮಾಡುವುದು ಆ ಬೇಸರದ ದಿನಗಳ ದಾಖಲೆಯೇ.

ಬೆಳ್ಳಕ್ಕಿ

ಅಂಕಿಅಂಶ ಅವರ ಕೊನೆಯ ಮಾತಿಗೆ ಹಕ್ಕಿಗಳ ಕಡೆಯಿಂದ ಸಾಕ್ಷ್ಯ ಒದಗಿಸಬಲ್ಲೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಕೋಸ್ಟ್ ಎಂಬ ಸ್ವಯಂಸೇವಕ ಜಾಲವಿದೆ. ಸತ್ತು ದಡ ಸೇರಿದ ಕಡಲಹಕ್ಕಿಗಳನ್ನು ಪ್ರತಿ ತಿಂಗಳೂ ಅದೇ ತೀರದಲ್ಲಿ ನಡೆದು ಎಣಿಸುವುದು ಅದರ ಕೆಲಸ. ಕೊಕ್ಕು, ಕಾಲು, ರೆಕ್ಕೆಗಳ ಉದ್ದ ಅಳೆದು, ಅಳತೆಪಟ್ಟಿಯ ಸಮೇತ ಚಿತ್ರ ತೆಗೆದು, ಹಕ್ಕಿಗೆ ಗುರುತಿನ ದಾರ ಕಟ್ಟಿ ಅಲ್ಲೇ ಬಿಟ್ಟು ಬರುತ್ತಾರೆ. ದಾರವಿರುವ ಹಕ್ಕಿ ಮುಂದಿನ ತಿಂಗಳು ಕಂಡರೆ ಅದು ಹೊಸ ಸಾವಲ್ಲ ಎಂದು ತಿಳಿಯುತ್ತದೆ, ಕಳೇಬರ ದಡದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದೂ ತಿಳಿಯುತ್ತದೆ.

2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ ಸಾಗರದ ನೀರು ವಿಪರೀತ ಬಿಸಿಯಾದಾಗ ಮರ್ ಎಂಬ ಕಡಲಹಕ್ಕಿಗಳು ಆಹಾರವಿಲ್ಲದೆ ಸೊರಗಿ ಸತ್ತವು. ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗೆ ಸುಮಾರು 62,000 ಹಕ್ಕಿಗಳು ದಡಕ್ಕೆ ಬಂದು ಬಿದ್ದವು. ಕಡಲಿನಲ್ಲಿಯೇ ಕಾಣದೆ ಹೋದವು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಸಂಖ್ಯೆ ಮಾಮೂಲಿಗಿಂತ ಎಷ್ಟು ಪಟ್ಟು ಎಂದು ಹೇಳಲು ಸಾಧ್ಯವಾದದ್ದು, ಅದಕ್ಕೆ ಮುಂಚಿನ ವರ್ಷಗಳಲ್ಲಿ ಯಾರೋ ಚಳಿಯಲ್ಲಿ ನಡೆದು "ಇಂದು ಏನೂ ಇಲ್ಲ" ಎಂದು ಬರೆದಿಟ್ಟದ್ದರಿಂದ.

ಕಾಲುದಾರಿ

ಹಾಗಾದರೆ ದಡದಲ್ಲಿ ಹಕ್ಕಿ ಸಿಗದಿದ್ದರೆ ಕಡಲಿನಲ್ಲಿ ಸಾವು ಇಲ್ಲವೆಂದು ಅರ್ಥವೇ? ಗಾಳಿ ದಡದಿಂದ ಕಡಲಿನತ್ತ ಬೀಸುವ ತಿಂಗಳಲ್ಲಿ ಸತ್ತದ್ದು ಯಾವುದೂ ನಿಮ್ಮ ತೀರಕ್ಕೆ ಬರುವುದಿಲ್ಲ. ಬಂದದ್ದನ್ನು ನಾಯಿ, ಕಾಗೆ, ಹದ್ದುಗಳು ಬೆಳಗಾಗುವುದರೊಳಗೆ ಮುಗಿಸಿರುತ್ತವೆ. ನಿಮ್ಮ ಸೊನ್ನೆಯ ಮೇಲೆ ನೀವು ಇಷ್ಟೊಂದು ಭಾರ ಹೊರಿಸುವುದು ನನಗೆ ಸರಿಕಾಣುವುದಿಲ್ಲ.

ಬೆಳ್ಳಕ್ಕಿ

ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಕೆಲವು ಅಧ್ಯಯನಗಳಲ್ಲಿ ಗುರುತು ಹಾಕಿದ ಮರದ ತುಂಡುಗಳನ್ನು ಕಡಲಿನಲ್ಲಿ ತೇಲಿಬಿಟ್ಟು, ಅವುಗಳಲ್ಲಿ ಎಷ್ಟು ಪಾಲು ದಡ ಸೇರುತ್ತದೆ ಎಂದು ನೋಡಿದ್ದಾರೆ. ದಡದ ಎಣಿಕೆ ಕಡಲಿನ ಸಾವಿನ ಲೆಕ್ಕವಲ್ಲ, ಅದರ ಸೂಚಕ ಮಾತ್ರ. ಗಾಳಿಯ ದಿಕ್ಕನ್ನು ನಮೂನೆಯಲ್ಲಿ ಬರೆದರೆ ನಿಮ್ಮ ಆಕ್ಷೇಪದ ಅರ್ಧ ಭಾಗಕ್ಕೆ ಉತ್ತರ ದೊರೆಯುತ್ತದೆ. ಉಳಿದರ್ಧಕ್ಕೆ ಉತ್ತರ ದೀರ್ಘಕಾಲದ ದಾಖಲೆಯೇ, ಏಕೆಂದರೆ ಕಾಗೆ ನಾಯಿಗಳು ಪ್ರತಿ ವರ್ಷವೂ ಇರುತ್ತವೆ.

ಹೊಸಹೆಜ್ಜೆ

ಸತ್ತ ಹಕ್ಕಿಯನ್ನು ಮುಟ್ಟುವುದು ಸುರಕ್ಷಿತವೇ? ಹಕ್ಕಿಜ್ವರದ ಸುದ್ದಿ ಓದಿ ನಮ್ಮ ಗುಂಪಿನಲ್ಲಿ ಎಲ್ಲರೂ ಹಿಂಜರಿಯುತ್ತಿದ್ದಾರೆ.

ಬೆಳ್ಳಕ್ಕಿ

ಬರಿಗೈಯಲ್ಲಿ ಮುಟ್ಟಲೇಬೇಡಿ. ಎಚ್5ಎನ್1 ಸೋಂಕು ಇತ್ತೀಚಿನ ವರ್ಷಗಳಲ್ಲಿ ಹಲವು ಖಂಡಗಳ ಕಡಲಹಕ್ಕಿಗಳಲ್ಲಿಯೂ ಸೀಲ್‌ಗಳಲ್ಲಿಯೂ ಹರಡಿದೆ. ತರಬೇತಿ, ಕೈಗವಸು, ಮುಖಗವಸು ಇಲ್ಲದವರು ದೂರದಿಂದ ಚಿತ್ರ ತೆಗೆದು, ಜಾಗ ಗುರುತಿಸಿ, ಸಂಬಂಧಪಟ್ಟ ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಿದರೆ ಸಾಕು. ಒಂದೇ ದಿನ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಅಳತೆಯ ಆಸೆ ಬಿಟ್ಟು ಮೊದಲು ತಿಳಿಸಿ. ಜೀವವಿರುವ ಡಾಲ್ಫಿನ್ ದಡಕ್ಕೆ ಬಿದ್ದಿದ್ದರೆ ಅದನ್ನು ನೀವಾಗಿ ಕಡಲಿಗೆ ತಳ್ಳಲು ಹೋಗಬೇಡಿ, ತಿಳಿದವರನ್ನು ಕರೆಸಿ.

ಹಳೆದೋಣಿ

ಎರಡನೆಯ ವಾದವನ್ನು, ಅಂದರೆ ಎಣಿಸುವ ಬದಲು ಹೆಕ್ಕುವ ಮಾತನ್ನು, ಯಾರೂ ಮುಟ್ಟಿಲ್ಲವಲ್ಲ. ಕಣ್ಣೆದುರಿಗೆ ಬಲೆಯ ತುಂಡು ಬಿದ್ದಿರುವಾಗ ಅದನ್ನು ಬರೆದುಕೊಂಡು ಅಲ್ಲೇ ಬಿಟ್ಟು ಹೋಗುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಮುಂದಿನ ಭರತಕ್ಕೆ ಅದು ಮತ್ತೆ ಕಡಲು ಸೇರಿ ಆಮೆಯ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಎಣಿಕೆಯ ಶುದ್ಧತೆಗಾಗಿ ಆಮೆಯನ್ನು ಬಲಿ ಕೊಡುವುದು ಎಂತಹ ವಿಜ್ಞಾನ?

ಅಂಕಿಅಂಶ

ಯಾರೂ ಆಮೆಯನ್ನು ಬಲಿ ಕೊಡುತ್ತಿಲ್ಲ, ಹಳೆದೋಣಿಯವರೇ. ಎಣಿಸಿದ ಮೇಲೆ ಹೆಕ್ಕುವುದಕ್ಕೆ ಅಡ್ಡಿಯಿಲ್ಲ. ಈಶಾನ್ಯ ಅಟ್ಲಾಂಟಿಕ್ ದೇಶಗಳು ಅನುಸರಿಸುವ ಆಸ್ಪಾರ್ ಪದ್ಧತಿಯಲ್ಲಿ ನೂರು ಮೀಟರ್ ತೀರವನ್ನು ವರ್ಷಕ್ಕೆ ನಾಲ್ಕು ಬಾರಿ, ಋತುವಿಗೊಮ್ಮೆ, ನಿಗದಿತ ಪಟ್ಟಿಯ ಪ್ರಕಾರ ಎಣಿಸಿ ಕಸವನ್ನು ತೆಗೆಯುತ್ತಾರೆ. ತೆಗೆದ ಮೇಲೆ ಮುಂದಿನ ಬಾರಿ ಸಿಗುವುದು ನಡುವಿನ ಅವಧಿಯಲ್ಲಿ ಹೊಸದಾಗಿ ಬಂದ ಕಸ. ತೆಗೆಯದಿದ್ದರೆ ಸಿಗುವುದು ಹಳೆಯದೂ ಹೊಸದೂ ಸೇರಿದ ರಾಶಿ. ಎರಡೂ ಉಪಯುಕ್ತ ಸಂಖ್ಯೆಗಳೇ, ಆದರೆ ಒಂದನ್ನು ಇನ್ನೊಂದರೊಡನೆ ಹೋಲಿಸುವಂತಿಲ್ಲ. ಒಂದು ತಿಂಗಳು ಹೆಕ್ಕಿ, ಇನ್ನೊಂದು ತಿಂಗಳು ಬಿಟ್ಟು, ಮೂರನೆಯ ತಿಂಗಳು ಬೇರೆ ಯಾರೋ ಬಂದು ಸ್ವಚ್ಛತಾ ಅಭಿಯಾನ ಮಾಡಿ ಹೋದದ್ದನ್ನು ಬರೆಯದೆ ಇದ್ದರೆ ಮಾತ್ರ ಲೆಕ್ಕ ಹಾಳಾಗುತ್ತದೆ.

ಹಳೆದೋಣಿ

ಹಾಗಿದ್ದರೆ ಒಪ್ಪುತ್ತೇನೆ. ಆದರೂ ಎಣಿಕೆಯಿಂದ ಕಡಲಿಗೆ ಏನು ಪ್ರಯೋಜನವಾಯಿತು ಎಂದು ಯಾರಾದರೂ ತೋರಿಸಲಿ. ವರದಿಗಳನ್ನು ಕಪಾಟಿನಲ್ಲಿ ಕೊಳೆಯಲು ಬಿಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಳಿತಭರತ

ಉತ್ತರ ಸಮುದ್ರದ ಫುಲ್ಮರ್ ಹಕ್ಕಿಯ ಉದಾಹರಣೆ ಕೇಳಿ. ಕಡಲ ಮೇಲ್ಮೈಯಲ್ಲಿ ಸಿಕ್ಕದ್ದನ್ನೆಲ್ಲ ನುಂಗುವ ಈ ಹಕ್ಕಿ ಸತ್ತು ದಡಕ್ಕೆ ಬಂದಾಗ ಸ್ವಯಂಸೇವಕರು ಅದನ್ನು ಸಂಗ್ರಹಿಸಿ ಕೊಡುತ್ತಾರೆ, ಸಂಶೋಧಕರು ಹೊಟ್ಟೆಯಲ್ಲಿರುವ ಪ್ಲಾಸ್ಟಿಕ್ಕನ್ನು ತೂಗುತ್ತಾರೆ. ಹೊಟ್ಟೆಯಲ್ಲಿ 0.1 ಗ್ರಾಂಗಿಂತ ಹೆಚ್ಚು ಪ್ಲಾಸ್ಟಿಕ್ ಇರುವ ಹಕ್ಕಿಗಳ ಪಾಲು ನೂರಕ್ಕೆ ಹತ್ತನ್ನು ಮೀರಬಾರದು ಎಂಬುದು ಆಸ್ಪಾರ್ ದೇಶಗಳು ಒಪ್ಪಿಕೊಂಡ ಗುರಿ. ಇನ್ನೂ ಆ ಗುರಿ ಮುಟ್ಟಿಲ್ಲ, ಆದರೆ ಮುಟ್ಟಿಲ್ಲವೆಂದು ಸರ್ಕಾರಗಳ ಮುಖಕ್ಕೆ ಹೇಳಲು ದಡದ ಹಕ್ಕಿಗಳಿವೆ. ಅದೇ ಪ್ರದೇಶದಲ್ಲಿ ಎಣ್ಣೆ ಮೆತ್ತಿಕೊಂಡು ಸಾಯುವ ಹಕ್ಕಿಗಳ ಪ್ರಮಾಣ ದಶಕಗಳಲ್ಲಿ ಇಳಿದದ್ದೂ ಇಂತಹ ದಡದ ಎಣಿಕೆಯಿಂದಲೇ ಗೊತ್ತಾಯಿತು.

ಎಣಿಸುವಾಗ ದೊಡ್ಡ ವಸ್ತುಗಳಿಗಷ್ಟೇ ನಿಲ್ಲಬೇಡಿ ಎಂಬುದು ನನ್ನ ಸಲಹೆ. 5 ಮಿಲಿಮೀಟರಿಗಿಂತ ಚಿಕ್ಕದಾದ, ಕಾರ್ಖಾನೆಗೆ ಕಚ್ಚಾವಸ್ತುವಾಗಿ ಸಾಗಿಸುವ ಪ್ಲಾಸ್ಟಿಕ್ ಹರಳುಗಳು ಒಣಗಿದ ಭರತದ ಗೆರೆಯಲ್ಲಿ ಸಾಬಕ್ಕಿ ಚೆಲ್ಲಿದಂತೆ ಕಾಣುತ್ತವೆ. 2021ರಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದು ಮುಳುಗಿದಾಗಲೂ, 2025ರ ಮೇ ತಿಂಗಳಲ್ಲಿ ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗಲೂ ಇಂತಹ ಹರಳುಗಳು ದಡಗಳಿಗೆ ಬಂದವು. ಅಪಘಾತಕ್ಕೆ ಮೊದಲು ಆ ದಡದಲ್ಲಿ ಹರಳುಗಳು ಎಷ್ಟಿದ್ದವು ಎಂಬ ದಾಖಲೆ ಇಲ್ಲದ ಕಡೆ, ಪರಿಹಾರದ ಮಾತು ಬಂದಾಗ ಇವೆಲ್ಲ ಮೊದಲೇ ಇದ್ದವು ಎನ್ನುವವರಿಗೆ ಉತ್ತರ ಕೊಡುವುದು ಕಷ್ಟ.

ಮರಳುಗೆರೆ

ಹೆಕ್ಕುವವರಿಗೆ ಒಂದು ವಿನಂತಿ. ಕಸದ ಜೊತೆಗೆ ಕಡಲಪಾಚಿಯನ್ನೂ ಒಣಗಿದ ಕಡ್ಡಿಗಳನ್ನೂ ಗುಡಿಸಿ ಒಯ್ಯಬೇಡಿ. ಆ ಗೆರೆಯಲ್ಲಿ ಜಿಗಿಯುವ ಪುಟ್ಟ ಮರಳುಹುಳಗಳು ಬದುಕುತ್ತವೆ, ಅವುಗಳನ್ನು ತಿನ್ನಲು ದಡದ ಹಕ್ಕಿಗಳು ಬರುತ್ತವೆ, ಹಾರುವ ಮರಳು ಅಲ್ಲಿ ತಡೆದು ನಿಂತು ಮರಳುದಿಬ್ಬ ಹುಟ್ಟುತ್ತದೆ. ಯಂತ್ರ ಓಡಿಸಿ ನುಣುಪು ಮಾಡಿದ ದಡ ಪ್ರವಾಸಿಯ ಕಣ್ಣಿಗೆ ಚೆಂದ, ಜೀವಿಗಳ ಪಾಲಿಗೆ ಬರಡು.

ಹೊಸಹೆಜ್ಜೆ

ಏಡಿಗಳ ಬಿಲಗಳನ್ನು ಎಣಿಸುವುದು ಸುಲಭವೆನಿಸಿತು, ಅದನ್ನು ಸೇರಿಸಬಹುದೇ?

ಉಪ್ಪುಗಾಳಿ

ಸೇರಿಸಿ, ಆದರೆ ಬಿಲವೊಂದಕ್ಕೆ ಏಡಿಯೊಂದು ಎಂದು ಲೆಕ್ಕ ಹಾಕಬೇಡಿ. ಕೆಲವು ಬಿಲಗಳಿಗೆ ಎರಡು ಬಾಯಿಗಳಿರುತ್ತವೆ, ಕೆಲವು ಖಾಲಿಯಿರುತ್ತವೆ, ಚಳಿಯಲ್ಲಿ ಮತ್ತು ಜೋರು ಗಾಳಿಯಲ್ಲಿ ಏಡಿಗಳು ಬಾಯಿ ಮುಚ್ಚಿಕೊಂಡು ಒಳಗಿರುತ್ತವೆ. ಜನರ, ವಾಹನಗಳ ತುಳಿತ ಹೆಚ್ಚಿರುವ ದಡದಲ್ಲಿ ಬಿಲಗಳು ಕಡಿಮೆ ಎಂಬುದನ್ನು ಹಲವು ಕಡೆ ಕಂಡಿದ್ದಾರೆ. ಆದ್ದರಿಂದ ಬೇರೆ ಬೇರೆ ಭಾಗಗಳನ್ನು ಹೋಲಿಸಿ ನೋಡಲು ಅದು ಒಳ್ಳೆಯ ಸೂಚಕ.

ಕಾಲುದಾರಿ

ನೋಡಿ, ಹೀಗೆಯೇ ನಮೂನೆ ನಾಲ್ಕು ಪುಟವಾಗುತ್ತದೆ, ಆಮೇಲೆ ಜನ ಬರುವುದಿಲ್ಲವೆಂದು ದೂರು ಬರುತ್ತದೆ. ಅಬ್ಬರದ ತಿಂಗಳಿಗಾದರೂ ಚಿಕ್ಕ ನಮೂನೆ ಇರಲಿ.

ಇಳಿತಭರತ

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಬ್ಬರದ ಕಾಲಕ್ಕೆ ಛಾಯಾಚಿತ್ರವೇ ಸಾಕು. ಸಿಡ್ನಿಯಲ್ಲಿ 2017ರಲ್ಲಿ ಆರಂಭವಾದ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆಯಲ್ಲಿ ತೀರದ ಎತ್ತರದ ಜಾಗದಲ್ಲಿ ಫೋನ್ ಇಡಲು ಉಕ್ಕಿನ ಚೌಕಟ್ಟು ನೆಡುತ್ತಾರೆ. ದಾರಿಹೋಕರು ಅದರಲ್ಲಿ ಫೋನ್ ಇಟ್ಟು ತೆಗೆದ ಚಿತ್ರಗಳೆಲ್ಲ ಒಂದೇ ಕೋನದಲ್ಲಿರುವುದರಿಂದ, ಚಿತ್ರದ ವೇಳೆಗೆ ಭರತದ ಮಟ್ಟ ಎಷ್ಟಿತ್ತೆಂದು ಹೊಂದಿಸಿಕೊಂಡು ದಡದ ಅಂಚು ಎಲ್ಲಿತ್ತೆಂದು ಲೆಕ್ಕ ಹಾಕುತ್ತಾರೆ. ಈ ಪದ್ಧತಿ ಈಗ ಹಲವು ದೇಶಗಳಿಗೆ ಹರಡಿದೆ. ಚಿತ್ರ ತೆಗೆದ ನಿಖರ ವೇಳೆ ತಪ್ಪಿದರೆ ಮಾತ್ರ ಚಿತ್ರ ವ್ಯರ್ಥ, ಏಕೆಂದರೆ ಇಳಿತದ ಅಗಲವಾದ ದಡವನ್ನು ಮರಳು ಹೆಚ್ಚಿದ ದಡವೆಂದು ಭಾವಿಸುವ ಅಪಾಯವಿದೆ. ಮೇಲಿನ ರಸ್ತೆಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಯಲು ಮರಳಿಗೆ ಇಳಿಯುವ ಅಗತ್ಯವೇ ಇಲ್ಲ, ಕಾಲುದಾರಿಯವರ ಆತಂಕಕ್ಕೂ ಅದು ಉತ್ತರ.

ತೀರಪಾಲಕ

ನಮ್ಮ ಮುಂದಿನ ಸಭೆಗೆ ಹೀಗೆ ಇಡುತ್ತೇನೆ. ಶಾಂತ ತಿಂಗಳುಗಳಲ್ಲಿ ಪೂರ್ಣ ನಮೂನೆ. ಅಬ್ಬರದ ತಿಂಗಳುಗಳಲ್ಲಿ ಮೇಲಿನಿಂದ ಚಿತ್ರ ಕಡ್ಡಾಯ, ಎಚ್ಚರಿಕೆ ಇಲ್ಲದ ಇಳಿತ ಸಿಕ್ಕರೆ ಮಾತ್ರ ಕೋಲಿನ ಅಳತೆ ಮತ್ತು ನಡಿಗೆ. ಕಸಕ್ಕೆ ಬಂಡೆಗಳ ಬದಿಯ ನೂರು ಮೀಟರ್ ಮೀಸಲು, ಅಲ್ಲಿ ಎಣಿಸಿದ ನಂತರವೇ ಹೆಕ್ಕುವುದು. ಹೋಗದ ತಿಂಗಳಿಗೆ ಸೊನ್ನೆಯ ಬದಲು ಕಾರಣ.

ಹಳೆದೋಣಿ

ಬಂಡೆಗಳ ಬದಿ ಏಕೆ? ಕಸ ಹೆಚ್ಚು ಬಂದು ಸೇರುವುದು ನದೀಮುಖದ ಬಳಿ, ಮಳೆಯ ಮೊದಲ ನೆರೆಯಲ್ಲಂತೂ ಊರಿನ ಕಸವೆಲ್ಲ ಅಲ್ಲಿಗೇ ಇಳಿಯುತ್ತದೆ. ಕಸ ಕಡಿಮೆಯಿರುವ ತುದಿಯನ್ನು ಆರಿಸಿಕೊಂಡು ತೀರ ಸ್ವಚ್ಛವಾಗಿದೆ ಎಂದು ಬರೆದರೆ ಯಾರಿಗೆ ಮೋಸ?

ಅಂಕಿಅಂಶ

ನದೀಮುಖದ ನೂರು ಮೀಟರ್ ನಿಮ್ಮ ನದಿಯ ಕಥೆ ಹೇಳುತ್ತದೆ, ಬಂಡೆಯ ಬದಿಯದು ಕಡಲು ಹೊತ್ತು ತಂದದ್ದರ ಕಥೆ ಹೇಳುತ್ತದೆ. ಜನ ಇದ್ದರೆ ಎರಡನ್ನೂ ಎಣಿಸಿ, ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಒಂದನ್ನೇ ಆರಿಸಬೇಕಾದರೆ ಯಾವುದೆಂದು ಎಣಿಕೆ ಶುರುವಾಗುವ ಮೊದಲು ತೀರ್ಮಾನಿಸಿ, ನಂತರ ಜಾಗ ಬದಲಿಸಬೇಡಿ.

ಹಳೆದೋಣಿ

ಎರಡನ್ನೂ ಎಣಿಸಲಿ. ನದೀಮುಖದ ಭಾಗಕ್ಕೆ ನಾನೂ ಬರುತ್ತೇನೆ, ಆದರೆ ಬಲೆ ಸಿಕ್ಕರೆ ಎಣಿಕೆ ಮುಗಿಯುವವರೆಗೂ ಕಾಯುತ್ತೇನೆಂದು ಮಾತು ಕೊಡಲಾರೆ.